ಮಂಗಳವಾರದ ಮಾತ್ರೆ

ಮಾತ್ರೆ ನುಂಗಿ ಇಪ್ಪತ್ತು ನಿಮಿಷ ಕಳೆಯಿತೆಂದರೆ ಅಡುಗೆಮನೆಯ ಗೋಡೆ ಮೆಲ್ಲಗೆ ಉಸಿರಾಡಲು ಶುರುಮಾಡುತ್ತಿತ್ತು. ಸುಣ್ಣದ ಬಿಳುಪಿನೊಳಗಿಂದ ಮೊದಲು ತೆಳು ಹಳದಿ ಏಳುವುದು, ಅದರ ಅಂಚಿಗೆ ಗುಲಾಬಿ ಕಟ್ಟುವುದು, ಆಮೇಲೆ ಕಿಟಕಿಯ ಸರಳು, ನೀರಿನ ಲೋಟ, ಕೈ ಒರೆಸುವ ಬಟ್ಟೆ, ಎಲ್ಲಕ್ಕೂ ಒಂದೊಂದು ಬೆಳಕಿನ ಜರಿ. ಲೋಟ ಎತ್ತಿದರೆ ಅದರ ಬೆಳಕು ಒಂದು ಗಳಿಗೆ ತಡವಾಗಿ, ನಿದ್ದೆಗಣ್ಣಿನಲ್ಲಿ ಎಂಬಂತೆ ಹಿಂದೆ ಎದ್ದು ಬರುತ್ತಿತ್ತು. ಕಣ್ಣಕ್ಕ ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಭಾನುವಾರಗಳಲ್ಲಿ ಇದಕ್ಕಿಂತ ಸುಖ ಇನ್ನೊಂದಿಲ್ಲ ಅನ್ನಿಸುತ್ತಿತ್ತು. ಮಂಗಳವಾರ ಮತ್ತು ಶುಕ್ರವಾರ ಇದೇ ಸುಖ ಅವಳಿಗೆ ಬದ್ಧ ವೈರಿ.

ಕಣ್ಣಕ್ಕ ಎಂಬುದು ಹೆತ್ತವರಿಟ್ಟ ಹೆಸರಲ್ಲ, ನೂಲಿನ ಕಾರ್ಖಾನೆಯವರು ಇಟ್ಟದ್ದು. ಬಣ್ಣದ ತೊಟ್ಟಿಯಿಂದ ಎದ್ದು ಬಂದ ಪ್ರತಿ ಲಾಟಿನಿಂದ ಒಂದು ಲಡಿ ನೂಲು ಅವಳ ಮೇಜಿಗೆ ಬರಬೇಕು. ಉತ್ತರದ ಕಿಟಕಿಯ ಬೆಳಕಿನಲ್ಲಿ ಅದನ್ನು ಮೂಲ ಮಾದರಿಯ ಪಕ್ಕ ಹಿಡಿದು ಅವಳು ನೋಡಬೇಕು. ಅವಳು ‘ಸರಿ’ ಎಂಬ ಮೊಹರು ಒತ್ತಿದರೆ ಲಾಟು ಮುಂದೆ ಹೋಗುತ್ತದೆ, ತಲೆಯಾಡಿಸಿದರೆ ತೊಟ್ಟಿಗೆ ವಾಪಸ್ಸು. ಇದೇ ಕೆಲಸಕ್ಕೆ ಯಂತ್ರವೂ ಒಂದಿದೆ. ಯಂತ್ರ ಸರಿ ಎಂದದ್ದನ್ನು ಇವಳು ಅಲ್ಲ ಎಂದರೆ ಯಜಮಾನರು ರಿಪೇರಿಗೆ ಕಳಿಸುತ್ತಿದ್ದದ್ದು ಯಂತ್ರವನ್ನು. ಮೂವತ್ತೊಂದು ವರ್ಷ ಹೀಗೆ ನಡೆದಿತ್ತು. ಶೇಡ್ ನೋಡುವ ದಿನಗಳು ವಾರಕ್ಕೆ ಎರಡು, ಬೆಳಿಗ್ಗೆ ಎಂಟರಿಂದ ಹನ್ನೊಂದು. ಆಮೇಲೆ ಕಿಟಕಿಯ ಬೆಳಕು ಕೆಡುತ್ತದೆ.

ಇನ್ನು ಮಾತ್ರೆಯ ವಿಷಯ. ಹರೆಯದಲ್ಲಿ ಬಂದಿದ್ದ ಕ್ಷಯ ವಾಸಿಯಾಗಿ ಹೋಗುವಾಗ ಅವಳ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಪೊಳ್ಳನ್ನು ಬಿಟ್ಟು ಹೋಗಿತ್ತು. ಖಾಲಿ ಕೋಣೆ ಇದೆ ಎಂದು ಗೊತ್ತಾದರೆ ಯಾರಾದರೂ ಬಂದು ಸೇರಿಕೊಳ್ಳುತ್ತಾರೆ. ಇಲ್ಲಿ ಸೇರಿಕೊಂಡದ್ದು ಬೂಷ್ಟು. ಗಾಳಿಯಲ್ಲಿ ಎಲ್ಲೆಲ್ಲೂ ಇರುವ, ನಾವು ನೀವು ದಿನಾ ಉಸಿರಲ್ಲಿ ಎಳೆದುಕೊಂಡು ಗೊತ್ತೇ ಇಲ್ಲದೆ ಕೊಂದುಹಾಕುವ ಬಡಪಾಯಿ ಬೂಷ್ಟು. ಅವಳ ಪೊಳ್ಳಿನಲ್ಲಿ ಮಾತ್ರ ಅದು ಚಾಪೆ ಹಾಸಿ ಮಲಗಿತು. ಕೆಮ್ಮು, ಸಂಜೆ ಜ್ವರ, ಮೈ ಇಳಿಯುವುದು, ಕೊನೆಗೊಂದು ದಿನ ಕರವಸ್ತ್ರದಲ್ಲಿ ರಕ್ತ. ಆಗ ಎದೆ ಡಾಕ್ಟರು ಈ ಮಾತ್ರೆ ಬರೆದುಕೊಟ್ಟರು. ಬೆಳಿಗ್ಗೆ ಒಂದು, ಸಂಜೆ ಒಂದು, ಖಾಲಿ ಹೊಟ್ಟೆಯಲ್ಲಿ.

“ಸ್ವಲ್ಪ ಹೊತ್ತು ಬಣ್ಣಗಳು ಬೇರೆ ಥರ ಕಾಣಬಹುದು, ಹೆದರಬೇಡಿ. ಆ ಹೊತ್ತಲ್ಲಿ ಗಾಡಿ ಓಡಿಸಬೇಡಿ,” ಎಂದಿದ್ದರು.

“ನಾನು ಗಾಡಿ ಓಡಿಸಲ್ಲ ಸಾರ್,” ಎಂದಿದ್ದಳು ಕಣ್ಣಕ್ಕ. ಕೆಲಸ ಏನು ಎಂದು ಕೇಳಿದ್ದಕ್ಕೆ ನೂಲಿನ ಕಾರ್ಖಾನೆ ಎಂದಷ್ಟೇ ಹೇಳಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಉಳಿದವರಿಗೆ ಒಂದು ಗಂಟೆಯಲ್ಲಿ ಇಳಿಯುವ ಬಣ್ಣದ ಅಮಲು ಇವಳ ಕಣ್ಣಿಗೆ ಮಧ್ಯಾಹ್ನದವರೆಗೂ ಅಂಟಿಕೊಂಡಿರುತ್ತಿತ್ತು. ಎರಡನೆಯ ತಿಂಗಳಲ್ಲಿ ಒಂದು ಮಂಗಳವಾರ ಅವಳು ಮೊಹರು ಒತ್ತಿದ ಹಸಿರು ಲಾಟು ಇಡೀ ವಾಪಸ್ಸು ಬಂತು. ಪೆಟ್ಟಿಗೆಗಳು ಕಾರಿಡಾರಿನಲ್ಲಿ ಅವಳ ಮೇಜಿನವರೆಗೂ ಸಾಲಾಗಿ ಕೂತವು. ಯಾರೂ ಒಂದು ಮಾತು ಅನ್ನಲಿಲ್ಲ. ಹಾಗೆ ಅನ್ನದೆ ಇದ್ದದ್ದೇ ಅವಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಅಂದಿನಿಂದ ಮಂಗಳವಾರ, ಶುಕ್ರವಾರದ ಬೆಳಗಿನ ಮಾತ್ರೆ ಅವಳ ಬಾಯಿಗೆ ಹೋಗಲಿಲ್ಲ. ಹನ್ನೊಂದರ ಮೇಲೆ ನುಂಗೋಣವೆಂದರೆ ಹೊಟ್ಟೆ ಖಾಲಿ ಇರುತ್ತಿರಲಿಲ್ಲ. ದೊಡ್ಡ ಆರ್ಡರು ಇದ್ದರೆ ಹಿಂದಿನ ಸಂಜೆಯದ್ದೂ ಹೋಗುತ್ತಿರಲಿಲ್ಲ. ಕಾರ್ಖಾನೆಯ ಬಣ್ಣದ ನೀರು ಹರಿಯುವ ಚರಂಡಿಗೆ ಅದನ್ನು ಬೀಳಿಸಿ, ಏನೂ ಆಗಿಲ್ಲವೆಂಬಂತೆ ಮೇಜಿಗೆ ಬಂದು ಕೂರುತ್ತಿದ್ದಳು. ಮಾತ್ರೆ ಮೈಯಲ್ಲಿ ಎಷ್ಟಿದೆ ಎಂದು ನೋಡುವ ರಕ್ತ ಪರೀಕ್ಷೆಯ ವಾರ ಬಂತೆಂದರೆ ಮಾತ್ರ ರಜೆ ಹಾಕಿ ಒಂದೂ ತಪ್ಪಿಸದೆ ನುಂಗುತ್ತಿದ್ದಳು. ಇಂಥ ಜಾಣತನ ಅವಳಿಗೆ ಯಾರೂ ಕಲಿಸಿದ್ದಲ್ಲ. ವರ್ಷವಿಡೀ ನಡೆಯಿತು.

ಆ ವರ್ಷದ ಕೊನೆಗೆ ಜ್ವರ ಮರಳಿ ಬಂತು, ರಕ್ತವೂ ಬಂತು.

ಎದೆ ಡಾಕ್ಟರ ಕೋಣೆಯಲ್ಲಿ ಗೋಡೆಯ ಮೇಲೆ ಅವಳ ಎದೆಯ ಎರಡು ಚಿತ್ರಗಳಿದ್ದವು. ಹೋದ ವರ್ಷದ್ದರಲ್ಲಿ ಪೊಳ್ಳಿನೊಳಗೆ ಅರ್ಧಚಂದ್ರದಂತೆ ಸ್ವಲ್ಪ ಜಾಗ ಉಳಿದಿತ್ತು. ಈ ವರ್ಷದ್ದರಲ್ಲಿ ಆ ಜಾಗವೂ ತುಂಬಿತ್ತು. ಕಣ್ಣಕ್ಕನ ಪಕ್ಕ ಅವಳ ಗಂಡ ಕೂತಿದ್ದ. ಬೀದಿಯವರು ಅವನನ್ನು ಗೆಡ್ಡೆರಾಯರು ಎಂದೇ ಕರೆಯುವುದು. ಅಂಚೆ ಕಚೇರಿಯ ಕೆಲಸದಿಂದ ನಿವೃತ್ತನಾದ ಮೇಲೆ ಮನೆಯ ಹಿಂದಿನ ಗಾಜಿನ ಕೋಣೆಯಲ್ಲಿ ಹೂವಿನ ಗೆಡ್ಡೆ ಬೆಳೆಸುವುದೊಂದೇ ಅವನ ಲೋಕ.

“ಈ ಬೂಷ್ಟು ಮಾತ್ರೆಗೆ ಜಗ್ತಾ ಇಲ್ಲ,” ಎಂದರು ಡಾಕ್ಟರು. “ಒಗ್ಗಿಹೋಗಿದೆ. ಹೀಗಾಗೋಕೆ ಎರಡು ದಾರಿ. ಒಂದು, ಹೊರಗೇ ಔಷಧಿ ಕುಡಿದು ಬೆಳೆದಿರೋ ಬೂಷ್ಟು ಉಸಿರಲ್ಲಿ ಒಳಗೆ ಬಂದಿರೋದು. ಹೊಲಕ್ಕೆ, ಹೂವಿನ ಗೆಡ್ಡೆಗೆ ಕೊಳೆ ಹತ್ತಬಾರದು ಅಂತ ಹಾಕ್ತಾರಲ್ಲ, ಅದರಲ್ಲಿ ಕೆಲವು ನಿಮ್ಮ ಮಾತ್ರೆಗೆ ದಾಯಾದಿ ಇದ್ದ ಹಾಗೆ. ಅದಕ್ಕೆ ಒಗ್ಗಿದ್ದು ಇದಕ್ಕೂ ಒಗ್ಗಿರುತ್ತೆ.”

ಗೆಡ್ಡೆರಾಯನ ಮುಖ ಅಲ್ಲೇ ಬಿಳಚಿಕೊಂಡಿತು. ಡಾಕ್ಟರು ಗಮನಿಸದೆ ಮುಂದುವರಿಸಿದರು.

“ಇನ್ನೊಂದು ದಾರಿ, ನಿಮ್ಮ ಎದೆಯೊಳಗೇ ಕಲಿತಿರೋದು. ಮಾತ್ರೆ ಒಂದಿನ ಬರುತ್ತೆ, ಒಂದಿನ ಬರಲ್ಲ ಅಂದ್ರೆ ಬೂಷ್ಟಿಗೆ ಸಾಯೋವಷ್ಟು ಪೆಟ್ಟು ಬೀಳಲ್ಲ, ಪಾಠ ಕಲಿಯೋಕೆ ಬೇಕಾದಷ್ಟು ಬೀಳುತ್ತೆ. ಮಾತ್ರೆ ಏನಾದ್ರೂ ತಪ್ಪಿಸಿದ್ರಾಮ್ಮ?”

“ಇಲ್ಲ ಸಾರ್,” ಎಂದಳು ಕಣ್ಣಕ್ಕ. ಇಷ್ಟು ಬೇಗ ಬಾಯಿಗೆ ಬಂದ ಮಾತು ಅವಳಿಗೇ ಅಚ್ಚರಿ ಹುಟ್ಟಿಸಿತು.

“ಒಂದಿನಾನೂ?”

“ಇಲ್ಲ.”

ಗಂಡ ಕುರ್ಚಿಯ ತುದಿಗೆ ಸರಿದ. “ಸಾರ್, ಗೆಡ್ಡೆ ನಮ್ಮನೇಲಿದೆ. ನೆಡೋ ಮುಂಚೆ ಔಷಧಿ ನೀರಲ್ಲಿ ಅದ್ದಿ ತೆಗೀತೀನಿ. ಬಕೆಟ್ಟಲ್ಲಿ, ಕೈಯಾರೆ. ಹೂ ಬಿಟ್ಟ ಮೇಲೆ ಕುಂಡ ತಂದು ಇವಳ ಮಂಚದ ಪಕ್ಕಾನೇ ಇಡ್ತೀನಿ. ಇವಳಿಗೆ ಇಷ್ಟ ಅಂತ.”

ಡಾಕ್ಟರು ಬರೆದುಕೊಂಡರು. ಗೆಡ್ಡೆ ಮತ್ತು ಒಂದು ಹಿಡಿ ಮಣ್ಣನ್ನು ಲ್ಯಾಬಿಗೆ ತಂದುಕೊಡಲು ಹೇಳಿದರು. ಆಮೇಲೆ ಲೇಖನಿ ಕೆಳಗಿಟ್ಟು ಹೇಳಿದ್ದೇ ಮುಖ್ಯ ಮಾತು. ಹೊಸದೊಂದು ಔಷಧಿ ಇದೆ, ಬೇರೆ ಜಾತಿಯದು, ಈ ಬೂಷ್ಟು ಅದರ ಮುಖವನ್ನೇ ನೋಡಿಲ್ಲ. ಆದರೆ ಸಿಗುವುದು ಸ್ವಲ್ಪ. ಯಾರಿಗೆ ಕೊಡಬೇಕೆಂದು ಮೂವರು ಹಿರಿಯ ಡಾಕ್ಟರುಗಳ ಸಮಿತಿ ಕೂತು ನಿರ್ಧರಿಸುತ್ತದೆ, ಮುಂದಿನ ಗುರುವಾರ.

“ಹೇಳಿದ ಹಾಗೆ ತಗೊಳ್ಳೋವ್ರಿಗೆ ಮಾತ್ರ ಕೊಡ್ತಾರೆ. ಇದನ್ನೂ ಬೂಷ್ಟು ಕಲಿತುಬಿಟ್ರೆ ಇದರ ಹಿಂದೆ ಇನ್ನೇನೂ ಇಲ್ಲ. ನಿಮಗೇನೂ ತೊಂದರೆ ಆಗಲ್ಲ, ನೀವು ಸರಿಯಾಗೇ ತಗೊಂಡಿದೀರಲ್ಲ.”

ವಾಪಸ್ಸು ಹೋಗುವಾಗ ಗಂಡ ಅವಳಿಗೆ ಸೀಟು ಹಿಡಿದು ಕೂರಿಸಿದ. ಬಸ್ಸಿನ ಕಿಟಕಿಯಲ್ಲಿ ಬೀದಿಯ ದೀಪಗಳು, ಅಂಗಡಿಯ ಬೋರ್ಡುಗಳು ನೀರಿನಡಿಯಲ್ಲಿ ಇದ್ದಂತೆ ತೇಲಿ ಹಿಂದೆ ಹೋದವು. ಅದು ಮಾತ್ರೆಯ ಬಣ್ಣವೋ ಜ್ವರದ್ದೋ ಅವಳಿಗೆ ತಿಳಿಯಲಿಲ್ಲ. ಈಗ ಹೇಳಿದರೆ ಔಷಧಿ ಹೋಯಿತು, ಔಷಧಿ ಹೋದರೆ ತಾನೂ ಹೋದಂತೆ. ಅಷ್ಟು ಲೆಕ್ಕ ಅವಳಿಗೆ ಬಸ್ಸು ಹತ್ತುವ ಮೊದಲೇ ಮುಗಿದಿತ್ತು. ಇಳಿಯುವಾಗ ಅವನು ಅವಳ ಕೈ ಹಿಡಿದು ಇಳಿಸಿದ, ಗಾಜಿನ ಸಾಮಾನು ಇಳಿಸುವ ಹಾಗೆ.

ಸಮಿತಿ ಕೂರುವ ವಾರದ ಮಂಗಳವಾರ ಮತ್ತೊಂದು ಕಫದ ಡಬ್ಬಿ ಕೊಡಲು ಅವಳೊಬ್ಬಳೇ ಲ್ಯಾಬಿಗೆ ಹೋದಳು. ಅಲ್ಲಿದ್ದವಳನ್ನು ಆಸ್ಪತ್ರೆಯವರೆಲ್ಲ ಬೂಷ್ಟು ಮೇಡಂ ಎನ್ನುತ್ತಿದ್ದರು. ಮದುವೆಯಾಗಿ ಬಂದ ಮನೆಯಲ್ಲಿದ್ದದ್ದಕ್ಕಿಂತ ಹೆಚ್ಚು ಹೊತ್ತು ಬೂಷ್ಟಿನ ಜೊತೆ ಕಳೆದವಳು, ಅದನ್ನು ಬೈಯುವಾಗಲೂ ದನಿಯಲ್ಲಿ ಮಮತೆ ಇತ್ತು.

“ನನ್ನ ಬೂಷ್ಟು ಹೇಗಿದೆ, ನೋಡಬಹುದಾ?” ಎಂದು ಕಣ್ಣಕ್ಕ ಕೇಳಿದಳು. ಯಾಕೆ ಕೇಳಿದಳೋ ಅವಳಿಗೇ ಗೊತ್ತಿಲ್ಲ.

ಮೇಡಂ ನಕ್ಕಳು. “ಇಷ್ಟು ವರ್ಷದಲ್ಲಿ ಹೀಗೆ ಕೇಳಿದವರು ನೀವೇ ಮೊದಲು. ಎಲ್ಲರೂ ರಿಪೋರ್ಟ್ ಕೇಳ್ತಾರೆ. ಬನ್ನಿ, ಮುಚ್ಚಳ ಮಾತ್ರ ತೆಗೆಯಲ್ಲ, ಟೇಪ್ ಹಾಕಿದೀನಿ.”

ಬಿಳಿ ಮೇಜಿನ ಮೇಲೆ ಅವಳು ಮೊದಲು ನಾಲ್ಕು ಗುಳಿಗಳಿದ್ದ ಒಂದು ತಟ್ಟೆ ಇಟ್ಟಳು. ಒಂದು ಗುಳಿಯಲ್ಲಿ ಬರೀ ಆಹಾರ, ಉಳಿದ ಮೂರರಲ್ಲಿ ಆಹಾರದ ಜೊತೆ ಔಷಧಿ. ಬೂಷ್ಟು ನಾಲ್ಕರಲ್ಲೂ ಒಂದೇ ಸಮನೆ ಬೆಳೆದು ಮೆತ್ತಗೆ ಕೂತಿತ್ತು. ಔಷಧಿ ಇದ್ದ ಗುಳಿಗಳಲ್ಲಿ ಇನ್ನೂ ಸೊಂಪಾಗಿದೆಯೇನೋ ಅನ್ನುವ ಹಾಗೆ. ಆಮೇಲೆ ಮೂರು ದುಂಡನೆಯ ತಟ್ಟೆಗಳು.

“ಇದು ಈಗಿಂದು. ಇದು ಹೋದ ವರ್ಷದ್ದು, ಆಗಿನ್ನೂ ಮಾತ್ರೆಗೆ ಸಾಯ್ತಿದ್ದದ್ದು, ತಣ್ಣನೆ ಪೆಟ್ಟಿಗೇಲಿ ಮಲಗಿಸಿಟ್ಟಿದ್ದೆ, ಎಬ್ಬಿಸಿದೀನಿ. ಇದು ನಿಮ್ಮ ಯಜಮಾನರು ತಂದ ಮಣ್ಣಿಂದು. ಅದೂ ಔಷಧಿಗೆ ಕ್ಯಾರೇ ಅನ್ನಲ್ಲ. ಪಾಪ, ಇದನ್ನ ಹೇಳಿದಾಗ ಅವರ ಮುಖ ನೋಡೋಕೆ ಆಗಲಿಲ್ಲ.”

ಕಣ್ಣಕ್ಕ ಬಗ್ಗಿದಳು. ಲ್ಯಾಬಿನ ಕಿಟಕಿಯೂ ಉತ್ತರಕ್ಕೇ ಇತ್ತು. ಹೊತ್ತು ಒಂಬತ್ತೂವರೆ, ಮಂಗಳವಾರ, ರೂಢಿಯಂತೆ ಮಾತ್ರೆ ನುಂಗಿರಲಿಲ್ಲ. ಕಣ್ಣು ತೊಳೆದಿಟ್ಟ ಹಾಗಿತ್ತು. ತಟ್ಟೆಯಲ್ಲಿ ಮಖಮಲ್ಲು ಹಾಸಿದಂತೆ ಒಂದು ಬಣ್ಣ. ಹಸಿರಲ್ಲ, ನೀಲಿಯಲ್ಲ. ನೀಲಿಯೊಂದು ಹಸಿರಿನ ಮನೆಗೆ ಹೊರಟು ಹೊಸ್ತಿಲಲ್ಲಿ ನಿಂತು ಯೋಚಿಸುತ್ತಿದೆ, ಮೈಮೇಲೆ ಸ್ವಲ್ಪ ಬೂದಿ. ಅಂಚಿಗೆ ಬಿಳಿ ಜರಿ. ಮೂವತ್ತೊಂದು ವರ್ಷದಲ್ಲಿ ಎಷ್ಟು ಗಿರಾಕಿಗಳು ಇಂಥದೇ ಬಣ್ಣ ಕೇಳಿಕೊಂಡು ಬಂದಿದ್ದರು, ತೊಟ್ಟಿಯವರು ಎಷ್ಟು ಸಲ ಸೋತಿದ್ದರು! ಅದು ತನ್ನ ಎದೆಯೊಳಗೆ, ಯಾರೂ ನೋಡದ ಕತ್ತಲಲ್ಲಿ, ಸುಮ್ಮನೆ ಬೆಳೆದುಕೊಂಡಿತ್ತು. ಅವಳಿಗೆ ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ನಾಚಿಕೆ ಬಿಟ್ಟು ಹೇಳುವುದಾದರೆ, ಆಸೆಯಾಯಿತು. ಒಂದು ಲಡಿ ರೇಷ್ಮೆಯನ್ನು ಈ ಬಣ್ಣದಲ್ಲಿ ಅದ್ದಿ ಒಣಹಾಕಿದ ಹಾಗೆ, ಅದು ಗಾಳಿಗೆ ಮೆಲ್ಲಗೆ ತಿರುಗಿದ ಹಾಗೆ, ಕಣ್ಣ ಮುಂದೆಯೇ ಕಂಡಿತು.

ಎಷ್ಟು ಹೊತ್ತು ಹಾಗೆ ನಿಂತಿದ್ದಳೋ. ಕೈ ತನ್ನಷ್ಟಕ್ಕೆ ತಾನೇ ಹೋದ ವರ್ಷದ ತಟ್ಟೆಯನ್ನು ಈ ವರ್ಷದ್ದರ ಪಕ್ಕಕ್ಕೆ ಸರಿಸಿತು. ಎರಡೂ ಒಂದೇ. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಆಮೇಲೆ ಗಂಡನ ಮಣ್ಣಿನ ತಟ್ಟೆಯನ್ನು ಸರಿಸಿದಳು. ನೋಡುವವರಿಗೆ ಅದೂ ಅದೇ ಹಸಿರು. ಅವಳಿಗೆ ಅದು ಬೇರೆ ತೊಟ್ಟಿಯ ಬಣ್ಣ. ಬೂದಿ ಒಂದು ಚಿಟಿಕೆ ಹೆಚ್ಚು, ನೀಲಿ ಒಂದು ಚಿಟಿಕೆ ಕಡಿಮೆ. ಅದಕ್ಕೆ ಅವಳು ಎಂದೂ ಮೊಹರು ಒತ್ತುತ್ತಿರಲಿಲ್ಲ.

“ಇವೆರಡೂ ಒಂದೇ ಲಾಟು,” ಎಂದಳು. “ಇದು ಬೇರೆ.”

“ಬಣ್ಣ ನೋಡಿ ಹೇಳೋಕಾಗಲ್ಲಮ್ಮ. ಡಿಎನ್ಎ ಓದಿ ಬುಡದ ಗುರುತು ಹಿಡಿಯೋ ಪರೀಕ್ಷೆ ಬೇರೆ ಇದೆ, ಕಳಿಸಿದೀನಿ. ಮೂರು ವಾರ ಆಗುತ್ತೆ.”

ಮೂರು ವಾರ. ಸಮಿತಿ ಕೂರುವುದು ಗುರುವಾರ. ಕಣ್ಣಕ್ಕ ತಲೆಯಾಡಿಸಿ ಹೊರಗೆ ಬಂದಳು. ಪರೀಕ್ಷೆ ಅವಳಿಗೆ ಬೇಕಿರಲಿಲ್ಲ. ಯಾವ ಕಣ್ಣನ್ನು ಕಾಪಾಡಿಕೊಳ್ಳಲು ಅವಳು ಮಾತ್ರೆ ತಪ್ಪಿಸಿದ್ದಳೋ ಅದೇ ಕಣ್ಣು ಈಗ ಹೇಳಬೇಕಾದದ್ದನ್ನು ಹೇಳಿಬಿಟ್ಟಿತ್ತು. ಬೂಷ್ಟು ಹೊರಗಿಂದ ಬಂದು ಸೇರಿದ್ದಲ್ಲ, ಮೊದಲಿಂದ ಇದ್ದದ್ದೇ. ಅದಕ್ಕೆ ಪಾಠ ಹೇಳಿಕೊಟ್ಟವಳು ತಾನು, ವಾರಕ್ಕೆ ಎರಡು ದಿನ, ತಪ್ಪದೆ.

ಅಂದು ಕಾರ್ಖಾನೆಗೆ ಹೋಗದೆ ಮನೆಗೆ ಬಂದಳು. ಹಿತ್ತಿಲ ಗಾಜಿನ ಕೋಣೆಯ ಬಾಗಿಲು ಹಾರುಹೊಡೆದಿತ್ತು. ಒಳಗೆ ಹಲಗೆಗಳೆಲ್ಲ ಬೋಳು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೊಣಕೈವರೆಗೆ ರಬ್ಬರ್ ಕೈಗವಸು ತೊಟ್ಟು, ಗೆಡ್ಡೆರಾಯ ಕೊನೆಯ ಸಾಲಿನ ಕುಂಡಗಳನ್ನು ಗೋಣಿಚೀಲಕ್ಕೆ ಸುರಿಯುತ್ತಿದ್ದ. ಕೆಲವು ಗೆಡ್ಡೆಗಳಲ್ಲಿ ಮೊಗ್ಗು ಕೂಡ ಇತ್ತು. ಹಳದಿಗೆ ಕೆಂಪು ಗೆರೆಯ ಆ ಹೂವಿಗಾಗಿ ಅವನು ಹನ್ನೆರಡು ವರ್ಷ ಪರಾಗ ಬೆರೆಸಿ ಬೆರೆಸಿ ಕಾದಿದ್ದ. ಅದನ್ನೂ ಸುರಿದ. ಆಚೆ ಆಗಲೇ ಏಳು ಚೀಲಗಳ ಬಾಯಿ ಕಟ್ಟಿತ್ತು.

“ಬರಬೇಡ, ಅಲ್ಲೇ ನಿಲ್ಲು,” ಎಂದು ಕೂಗಿದ. “ಧೂಳು ಎದ್ದಿದೆ.”

“ಏನ್ರೀ ಇದು!”

“ಇನ್ನೇನು? ನನ್ನ ಕೈಯಾರೆ ನಿನ್ನ ಎದೆಗೆ ವಿಷ ತುಂಬಿದೆ. ಪಕ್ಕದಲ್ಲೇ ತಂದಿಡ್ತಿದ್ದೆ ಕಣೇ, ತಲೆದಿಂಬಿನ ಪಕ್ಕ. ನಗುನಗುತಾ ತಂದಿಡ್ತಿದ್ದೆ.”

ಅವಳು ಹೊಸ್ತಿಲಲ್ಲೇ ಕುಸಿದು ಕೂತಳು. ಗಾಜಿನ ಮೂಲಕ ಬಿಸಿಲು ಇಳಿದು, ಎದ್ದ ಧೂಳಿನಲ್ಲಿ ಓರೆಯಾಗಿ ನಿಂತಿತ್ತು. ಅದರಾಚೆ ಗಂಡ ನೀರಿನಲ್ಲಿ ನಡೆದಾಡುವವನಂತೆ ಕಾಣುತ್ತಿದ್ದ. ಮಾತು ಹೊರಡುವ ಮುಂಚೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಮಾತು ಬಂತು. ಹಸಿರು ಲಾಟಿನಿಂದ ಹಿಡಿದು ಚರಂಡಿಯವರೆಗೆ, ರಕ್ತ ಪರೀಕ್ಷೆಯ ವಾರದ ಜಾಣತನದಿಂದ ಹಿಡಿದು ಮೂರು ತಟ್ಟೆಗಳವರೆಗೆ, ಒಂದನ್ನೂ ಬಿಡದೆ ಹೇಳಿದಳು.

ಅವನು ಖಾಲಿ ಕುಂಡ ಹಿಡಿದುಕೊಂಡೇ ಕೇಳಿಸಿಕೊಂಡ.

“ಹಾಗಾದ್ರೆ ನನ್ನ ಗೆಡ್ಡೆ ಅಲ್ಲ.”

“ಅಲ್ಲ.”

“ಅಲ್ಲವೇ ಅಲ್ಲ?”

“ಅಲ್ಲ ಅಂದ್ನಲ್ಲ. ನನ್ನ ಕಣ್ಣಿಗಿಂತ ಸಾಕ್ಷಿ ಬೇಕಾ?”

ಅವನು ಮೊದಲು ನಕ್ಕ. ಹಗುರಾದವನ ನಗು ಅದು, ಮಗುವಿನ ನಗು. ನಗುತ್ತಲೇ ತಿರುಗಿ ಕಟ್ಟಿದ ಚೀಲಗಳನ್ನು ನೋಡಿದ. ನೋಡಿದವನು ಕುಂಡವನ್ನು ಎತ್ತಿ ನೆಲಕ್ಕೆ ಒಗೆದ. ಅದು ಚೂರುಚೂರಾಯಿತು. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಒಡೆದ ಮೊದಲ ಸಾಮಾನು ಅದು. ಆಮೇಲೆ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡು, ಅವಳಿಂದ ಎರಡು ಮಾರು ದೂರದಲ್ಲಿ ಕೂತ.

“ನನಗೆ ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ನೀವು ನುಂಗಿಸ್ತಿದ್ರಿ.”

“ನುಂಗಿಸ್ತಿದ್ದೆ.”

“ಅದಕ್ಕೇ.”

ಅವನು ಕೈಗೆ ಸಿಕ್ಕ ಕುಂಡದ ಚೂರುಗಳನ್ನು ಆರಿಸಿ ಗುಡ್ಡೆ ಹಾಕಿದ. ಕೊನೆಗೆ ಅವನೇ ಬಾಯಿ ಬಿಟ್ಟ, ನೆಲ ನೋಡುತ್ತಾ. “ನೋಡು, ಇದನ್ನ ಡಾಕ್ಟರ ಹತ್ರ ಉಸಿರೆತ್ತಬೇಡ. ಗುರುವಾರ ಔಷಧಿ ಕೊಡ್ತಾರೆ, ಮೂರು ವಾರ ಆದ್ಮೇಲೆ ಏನಾದ್ರೂ ಹೇಳಿಕೊಳ್ಳಲಿ. ಕೊಟ್ಟಿದ್ದನ್ನ ಕಿತ್ಕೊಳ್ಳಲ್ಲ. ತಪ್ಪು ಗೆಡ್ಡೆದೇ ಇರಲಿ. ಹೇಗೂ ಕಿತ್ತಾಯ್ತು.”

ಗುರುವಾರ ಉದ್ದನೆಯ ಮೇಜಿನ ಆಚೆ ಮೂವರು ಕೂತಿದ್ದರು. ನಡುವೆ ಬೆಳ್ಳಿಗೂದಲ ಡಾಕ್ಟರಮ್ಮ. ಎದೆ ಡಾಕ್ಟರು ಕಡತ ಓದಿದರು. ಔಷಧಿಗೆ ಒಗ್ಗಿದ ಬೂಷ್ಟು, ಬಹುಶಃ ಮನೆಯ ತೋಟದ ಮೂಲದಿಂದ, ತೋಟವನ್ನು ತೆರವು ಮಾಡಲಾಗಿದೆ, ರೋಗಿ ಮಾತ್ರೆಯನ್ನು ಕ್ರಮವಾಗಿ ತೆಗೆದುಕೊಂಡಿದ್ದಾರೆ. ಓದಿ ಮುಗಿಸಿ ಹಾಳೆಯನ್ನು ಕಣ್ಣಕ್ಕನ ಮುಂದಿಟ್ಟರು. ಕೆಳಗೆ ಅವಳ ಸಹಿ ಬೇಕಿತ್ತು.

“ಒಂದೂ ತಪ್ಪಿಸಿಲ್ಲ ಅಲ್ವಾ?” ಎಂದು ಡಾಕ್ಟರಮ್ಮ ಕೇಳಿದರು.

“ಒಂದೂ ಇಲ್ಲ ಮೇಡಂ,” ಎಂದ ಗಂಡ. ಹುಟ್ಟಿದಾಗಿನಿಂದ ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ, ಕಿವಿಯವರೆಗೂ ಕೆಂಪಾದ.

ಕಣ್ಣಕ್ಕ ಲೇಖನಿ ಹಿಡಿದಳು. ಹಾಳೆ ಬೆಳ್ಳಗಿತ್ತು, ಅಕ್ಷರ ಕಪ್ಪಗಿತ್ತು, ಬಣ್ಣ ತಪ್ಪುವ ಮಾತೇ ಇರಲಿಲ್ಲ. ಆದರೂ ಕೈ ಮುಂದೆ ಹೋಗಲೊಲ್ಲದು. ಬದುಕಬೇಕೆಂಬ ಆಸೆ ಅವಳಿಗೆ ಎಲ್ಲರಷ್ಟೇ ಇತ್ತು, ಇನ್ನೂ ಸ್ವಲ್ಪ ಹೆಚ್ಚೇ. ಆದರೆ ಆ ಹಾಳೆಯ ಮೇಲೆ, ಪಕ್ಕದಲ್ಲಿ ಕೆಂಪಾಗಿ ಕೂತ ಈ ಮನುಷ್ಯನ ತಲೆಗೆ ಎಲ್ಲವನ್ನೂ ಕಟ್ಟಿ, ಸರಿ ಎಂದು ಒತ್ತಲು ಅವಳ ಕೈಗೆ ಬರಲಿಲ್ಲ.

“ತಪ್ಪಿಸಿದೀನಿ,” ಎಂದಳು. “ವಾರಕ್ಕೆ ಎರಡು ದಿನ, ಒಂದು ವರ್ಷ. ನನ್ನ ಕೆಲಸ ಬಣ್ಣ ನೋಡೋದು. ಮಾತ್ರೆ ನುಂಗಿದ್ರೆ ಬಣ್ಣ ಸುಳ್ಳು ಹೇಳುತ್ತೆ. ಇವರ ಗೆಡ್ಡೇದೇನೂ ತಪ್ಪಿಲ್ಲ.”

“ಅಯ್ಯೋ, ಇವಳೇ!” ಎಂದು ಗಂಡ ಹಣೆ ಹಿಡಿದುಕೊಂಡ.

ಎದೆ ಡಾಕ್ಟರ ಮುಖದಲ್ಲಿ ಸಿಟ್ಟು ಕಂಡಿತು. ಅದಕ್ಕಿಂತ ಹೆಚ್ಚಾಗಿ, ಮೋಸಹೋದವನ ನೋವು ಕಂಡಿತು. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಈ ಹೊಸ ಔಷಧಿ ಕಣ್ಣಿಗೆ ಏನು ಮಾಡುತ್ತೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಇದೂ ಬಣ್ಣ ಕೆಡಿಸಿದ್ರೆ ಏನ್ಮಾಡ್ತೀರಾ? ಇದನ್ನೂ ತಪ್ಪಿಸ್ತೀರಾ?”

ಇಲ್ಲ ಎಂದರೆ ಸಾಕಿತ್ತು. ಎಲ್ಲರೂ ಆ ಒಂದು ಮಾತಿಗಾಗಿ ಕಾಯುತ್ತಿದ್ದರು, ಗಂಡನಂತೂ ಉಸಿರು ಹಿಡಿದಿದ್ದ. ಕಣ್ಣಕ್ಕ ತನ್ನನ್ನೇ ಕಿಟಕಿಯ ಬೆಳಕಿಗೆ ಹಿಡಿದು ನೋಡಿಕೊಂಡಳು.

“ತಪ್ಪಿಸ್ತೀನಿ ಅನ್ಸುತ್ತೆ,” ಎಂದಳು. “ಅದಕ್ಕೇ ನನ್ನ ಕೈಗೆ ಕೊಡಬೇಡಿ. ಇವರ ಕೈಗೆ ಕೊಡಿ.”

ಡಾಕ್ಟರಮ್ಮ ಗಂಡನ ಕಡೆ ತಿರುಗಿದರು. “ಆಗುತ್ತಾ ನಿಮ್ಮಿಂದ? ಅತ್ತರೂ ಬೈದರೂ ಬಿಡಬಾರದು. ದಿನಾ. ಒಂದು ವರ್ಷ.”

“ಬೈಸಿಕೊಳ್ಳೋದು ಅಭ್ಯಾಸ ಇದೆ ಮೇಡಂ,” ಎಂದ ಗೆಡ್ಡೆರಾಯ. “ಅಳೋದು ನೋಡಿ ಅಭ್ಯಾಸ ಇಲ್ಲ. ಮಾಡ್ಕೋತೀನಿ.”

ಮೂವರೂ ತಲೆ ಹತ್ತಿರ ತಂದು ಮೆಲ್ಲಗೆ ಮಾತಾಡಿಕೊಂಡರು. ಕಡತದಲ್ಲಿ ಒಂದು ಸಾಲನ್ನು ಹೊಡೆದುಹಾಕಿ ಇನ್ನೊಂದನ್ನು ಬರೆದರು. ನರ್ಸೊಬ್ಬಳು ಬಂದು ಗಂಡನನ್ನು ಪಕ್ಕಕ್ಕೆ ಕರೆದು, ನುಂಗಿಸಿದ ಮೇಲೆ ನಾಲಿಗೆಯ ಅಡಿ ಹೇಗೆ ನೋಡಬೇಕೆಂದು ತೋರಿಸಿಕೊಟ್ಟಳು.

ಔಷಧಿ ಮನೆಗೆ ಬಂದದ್ದು ಮುಂದಿನ ಸೋಮವಾರ. ಮಂಗಳವಾರ ಬೆಳಿಗ್ಗೆ ಏಳಕ್ಕೆ ಕಾರ್ಖಾನೆಯಿಂದ ಫೋನು ಬಂತು. ಸಾವಿರ ಗಜದ ಪರದೆಗೆ ನೀಲಿ, ಮೂರು ತೊಟ್ಟಿ, ಮೂರೂ ಒಂದೇ ಆಗಬೇಕು, ಇವತ್ತೇ ಕಳಿಸಬೇಕು, ಅಕ್ಕಾ ನೀವು ಬರಲೇಬೇಕು. ಅವಳು ಬರುತ್ತೇನೆ ಎಂದುಬಿಟ್ಟಳು. ಫೋನಿಟ್ಟು ತಿರುಗಿದರೆ ಗಂಡ ಒಂದು ಕೈಯಲ್ಲಿ ನೀರು, ಇನ್ನೊಂದರಲ್ಲಿ ಮಾತ್ರೆ ಹಿಡಿದು ನಿಂತಿದ್ದ.

“ಇವತ್ತೊಂದಿನ ಬೇಡ,” ಎಂದಳು.

“ಬಾಯಿ ತೆಗಿ.”

“ಮಧ್ಯಾಹ್ನ ಬಂದು ನುಂಗ್ತೀನಿ. ನಿಮ್ಮಾಣೆ.”

“ನನ್ನಾಣೆ ಬೇಡ. ಬಾಯಿ ತೆಗಿ.”

ಅವಳು ಬೇಡಿಕೊಂಡಳು. ಸಿಟ್ಟು ಮಾಡಿದಳು. ಅತ್ತಳು, ನಿಜವಾಗಿ ಅತ್ತಳು. ಅವನು ನಿಂತಲ್ಲಿಂದ ಕಾಲು ಸರಿಸಲಿಲ್ಲ. ಕೊನೆಗೆ, ಮೂವತ್ತು ವರ್ಷದಲ್ಲಿ ಎಂದೂ ಆಡದ ಮಾತನ್ನು ಆಡಿದಳು. “ಗೆಡ್ಡೆ ಹೋಯ್ತಲ್ಲ, ಅದರ ಸೇಡು ತೀರಿಸ್ಕೋತಿದೀರಾ?”

ಅವನ ಮುಖ ಒಂದು ಕ್ಷಣ ಕಪ್ಪಿಟ್ಟಿತು.

“ಹೌದು ಅಂತಲೇ ಇಟ್ಕೋ,” ಎಂದ. “ಬಾಯಿ ತೆಗಿ.”

ಅವಳು ಬಾಯಿ ತೆರೆದಳು. ಮಾತ್ರೆ ನಾಲಿಗೆಯ ಮೇಲೆ ಕಹಿಯಾಗಿ ಕೂತು, ನೀರಿನ ಜೊತೆ ಇಳಿದು ಹೋಯಿತು. ಅವನು ಅವಳ ಗಲ್ಲ ಹಿಡಿದೆತ್ತಿ, ಬೆಳಕಿಗೆ ತಿರುಗಿಸಿ, ನಾಲಿಗೆಯ ಅಡಿಯನ್ನು ಎರಡೆರಡು ಸಲ ನೋಡಿದ. ಅವನ ಕಣ್ಣಿನಲ್ಲೂ ನೀರಿತ್ತು, ಸರಿಯಾಗಿ ಕಾಣಿಸಿತೋ ಇಲ್ಲವೋ. ಆಮೇಲೆ ಲೋಟ ತೊಳೆಯಲು ಹೋದ.

ಕಣ್ಣಕ್ಕ ಕುರ್ಚಿಯಲ್ಲಿ ಕೂತಳು. ಗೋಡೆ ಇನ್ನೂ ಸುಮ್ಮನಿತ್ತು. ಇಪ್ಪತ್ತು ನಿಮಿಷದಲ್ಲಿ ಏನಾಗುವುದೋ, ಆಗದೋ. ಅಷ್ಟರೊಳಗೆ ಒಂದು ಕೆಲಸ ಮುಗಿಸಬೇಕಿತ್ತು. ಫೋನು ಎತ್ತಿ, ಪಕ್ಕದ ಮೇಜಿನಲ್ಲಿ ಹದಿನಾಲ್ಕು ವರ್ಷ ಕೂತು ಒಂದೇ ಒಂದು ಲಾಟಿಗೂ ತಾನಾಗಿ ಮೊಹರು ಒತ್ತುವ ಅವಕಾಶ ಸಿಗದ ಹೆಂಗಸನ್ನು ಕರೆದಳು.

“ನಾನು ಬರಲ್ಲ. ನೀನೇ ನೋಡು,” ಎಂದಳು.

“ಅಕ್ಕಾ, ನನಗೆ ಹೇಗೆ ಗೊತ್ತಾಗುತ್ತೆ?”

“ಕಿಟಕಿ ಹತ್ರ ಹಿಡಿ. ಅವಸರ ಮಾಡಬೇಡ. ನಿನ್ನ ಕಣ್ಣಿಗೆ ಏನು ಕಾಣುತ್ತೋ ಅದೇ ಸರಿ.”

ಈ ಮಾತನ್ನು ಅವಳು ಮೂವತ್ತೊಂದು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿ, ಫೋನನ್ನು ತೊಡೆಯ ಮೇಲಿಟ್ಟುಕೊಂಡು, ಬಿಕ್ಕಿ ಬಿಕ್ಕಿ ಅತ್ತಳು. ಒಳಗೆ ಲೋಟ ತೊಳೆಯುತ್ತಿದ್ದವನು ನಲ್ಲಿ ನಿಲ್ಲಿಸಿದ. ಅಳುವುದನ್ನು ನೋಡುವ ಅಭ್ಯಾಸ ಮಾಡಿಕೊಳ್ಳಲು, ಒದ್ದೆ ಕೈಯಲ್ಲೇ ಬಂದು ಅವಳ ಎದುರು ಕೂತ.